ಮೂರನೇ ತರಗತಿಯ ಕೊನೆಯ ಸಾಲಿನಿಂದ: ಸರ್ಕಾರಿ ಪ್ರಾಥಮಿಕ ಶಾಲೆಯ ಗುಣಮಟ್ಟವನ್ನು ನಾನು ಅಳೆಯುವ ಬಗೆ

ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಚೆನ್ನಾಗಿದೆಯೇ ಎಂದು ತಿಳಿಯಲು ನಾನು ಕೊನೆಗೆ ಹುಡುಕುವುದು ಒಂದೇ ಸಂಗತಿಯನ್ನು. ಕಲಿಕೆಯಲ್ಲಿ ಎಲ್ಲರಿಗಿಂತ ಹಿಂದಿರುವ ಮಗು ಎಲ್ಲಿಗೆ ಬಂದು ನಿಂತಿದೆ ಎಂಬುದು ಆ ಶಾಲೆಗೆ ಗೊತ್ತಿದೆಯೇ? ಹೊಸ ಬಣ್ಣ, ಗೋಡೆಯ ಮೇಲಿನ ರೈಲು ಬೋಗಿಯ ಚಿತ್ರ, ಕಂಪ್ಯೂಟರ್ ಕೊಠಡಿ ಇವೆಲ್ಲ ದಾನಿಗಳ ನೆರವಿನಿಂದ ಒಂದೇ ಬೇಸಿಗೆ ರಜೆಯಲ್ಲಿ ಬಂದುಬಿಡಬಹುದು. ಓದಲು ಬಾರದ ಮಗುವನ್ನು ಹೆಸರು ಹಿಡಿದು ಗುರುತಿಸಿ, ದಿನವೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಹಾಗೆ ಬರುವುದಿಲ್ಲ. ಅದನ್ನು ಕಂಡುಹಿಡಿಯಲು ನಾನು ಮಾಡುವ ಕ್ರಮ ಇದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮಗುವನ್ನು ಸೇರಿಸಬೇಕೆಂದಿರುವ ಪೋಷಕರು, ಊರಿನ ಶಾಲೆಯ ಬಗ್ಗೆ ಕಾಳಜಿ ಇರುವ ಯಾರಾದರೂ ಒಂದು ದಿನ ಬಿಡುವು ಮಾಡಿಕೊಂಡು ಇದನ್ನು ಮಾಡಬಹುದು.

ಹೊರಡುವ ಮೊದಲು ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ಶಾಲೆಗೂ ಯು-ಡೈಸ್ ಎಂಬ ದೇಶದ ಶಾಲಾ ಮಾಹಿತಿ ವ್ಯವಸ್ಥೆಯ 11 ಅಂಕಿಯ ಸಂಖ್ಯೆ ಇರುತ್ತದೆ; ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ಯು-ಡೈಸ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ತರಗತಿವಾರು ದಾಖಲಾತಿ, ಶಿಕ್ಷಕರು, ಕೊಠಡಿ, ಶೌಚಾಲಯದ ವಿವರ ಯಾರಿಗೆ ಬೇಕಾದರೂ ಸಿಗುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. 84 ಮಕ್ಕಳಿದ್ದರೆ ಮೂವರು ಎಂದಾಯಿತು. ಆದರೆ ಕಾಗದದ ಮೇಲಿನ ಮೂವರಲ್ಲಿ ಒಬ್ಬರು ಬೇರೆ ಶಾಲೆಗೆ ನಿಯೋಜನೆಯಲ್ಲಿರಬಹುದು, ಇನ್ನೊಬ್ಬರು ಗಣತಿಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋಗಿರಬಹುದು. ಅದಕ್ಕೆ 'ಎಷ್ಟು ಜನ ಶಿಕ್ಷಕರಿದ್ದೀರಿ' ಎಂದು ನಾನು ಕೇಳುವುದಿಲ್ಲ. 'ಕಳೆದ ವಾರ ದಿನಪೂರ್ತಿ ತರಗತಿಯಲ್ಲಿದ್ದವರು ಯಾರ್‍ಯಾರು' ಎಂದು ಕೇಳುತ್ತೇನೆ. ಒಬ್ಬರೇ ಶಿಕ್ಷಕರು ಐದೂ ತರಗತಿ ನೋಡುತ್ತಿರುವ ಶಾಲೆಯ ಫಲಿತಾಂಶವನ್ನೂ ಮೂವರಿರುವ ಶಾಲೆಯದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅನ್ಯಾಯವಾಗುತ್ತದೆ.

ಹೋಗುವ ದಿನವೂ ಮುಖ್ಯ. ಸೋಮವಾರ ಬೇಡ, ಅರ್ಧ ದಿನದ ಶನಿವಾರ ಬೇಡ, ಊರಿನ ಸಂತೆಯ ದಿನ ಬೇಡ. ಜಾತ್ರೆಯ ವಾರದಲ್ಲಿ, ಕೊಯ್ಲಿನ ಭರಾಟೆಯಲ್ಲಿ ಹೋದರೆ ಹಾಜರಾತಿಯ ಚಿತ್ರ ತಪ್ಪಾಗಿ ಕಾಣುತ್ತದೆ. ಜೂನ್ ಕೂಡ ಸರಿಯಾದ ಕಾಲವಲ್ಲ, ಆಗ ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಸೇತುಬಂಧ ನಡೆಯುತ್ತಿರುತ್ತದೆ, ಮಕ್ಕಳು ಇನ್ನೂ ಹೊಂದಿಕೊಳ್ಳುತ್ತಿರುತ್ತಾರೆ. ಜುಲೈ ಕೊನೆ, ನವೆಂಬರ್, ಫೆಬ್ರುವರಿ ಈ ಮೂರು ಸಲ ಹೋದರೆ ಶಾಲೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯದೆ ತರಗತಿಗೆ ಕಾಲಿಡಬಾರದು, ಎಸ್‌ಡಿಎಂಸಿ ಅಧ್ಯಕ್ಷರೇ ಆಗಿದ್ದರೂ ಅಷ್ಟೇ. ತಪಾಸಣೆಗೆ ಬಂದವರ ಗತ್ತಿನಲ್ಲಿ ಹೋದರೆ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ, ಶಿಕ್ಷಕರು ಜಾಣ ಮಕ್ಕಳನ್ನು ಮುಂದಕ್ಕೆ ತಂದು ನಿಲ್ಲಿಸುತ್ತಾರೆ. ಅಲ್ಲಿಗೆ ಆ ದಿನದ ಕೆಲಸ ಕೆಟ್ಟಂತೆಯೇ.

ಹನ್ನೊಂದೂವರೆ ಹೊತ್ತಿಗೆ ತಲೆ ಎಣಿಸುತ್ತೇನೆ. ನನ್ನ ಎಣಿಕೆ, ಹಾಜರಿ ಪುಸ್ತಕದ ಅಂಕಿ, ಅಂದಿನ ಬಿಸಿಯೂಟದ ಲೆಕ್ಕ ಮೂರೂ ಹತ್ತಿರ ಹತ್ತಿರ ಇರಬೇಕು. ಒಂದೆರಡು ವ್ಯತ್ಯಾಸ ಸಹಜ. ತರಗತಿಗಳಲ್ಲಿ 62 ಮಕ್ಕಳು ಕೂತಿದ್ದು ಪುಸ್ತಕದಲ್ಲಿ 75 ಎಂದಿದ್ದರೆ, ಉಳಿದ ದಾಖಲೆಗಳನ್ನೂ ಅದೇ ಅನುಮಾನದಿಂದ ಓದಬೇಕಾಗುತ್ತದೆ. ಆಮೇಲೆ ಹಾಜರಿ ಪುಸ್ತಕವನ್ನು ಅಡ್ಡಡ್ಡ ಓದಿ, ತಿಂಗಳಲ್ಲಿ ಏಳೆಂಟು ದಿನಕ್ಕಿಂತ ಹೆಚ್ಚು ತಪ್ಪಿಸಿದ ಮಕ್ಕಳ ಹೆಸರು ಬರೆದುಕೊಂಡು, ಕಾರಣವೇನೆಂದು ತರಗತಿ ಶಿಕ್ಷಕರನ್ನು ಕೇಳುತ್ತೇನೆ. 'ಅವರಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ ಸಾರ್, ಇವಳೇ ತಮ್ಮನ್ನ ನೋಡ್ಕೋಬೇಕು' ಎನ್ನುವ ಉತ್ತರಕ್ಕೂ 'ಅವರು ಹಾಗೇ ಬಿಡಿ' ಎನ್ನುವ ಉತ್ತರಕ್ಕೂ ಇರುವ ಅಂತರವನ್ನು ಯಾವ ವರದಿ ಕಾರ್ಡೂ ತೋರಿಸುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಓದಿಸುವುದಕ್ಕೆ. ಮೂರನೇ ತರಗತಿಯಿಂದ ಹತ್ತು, ಐದನೇ ತರಗತಿಯಿಂದ ಹತ್ತು ಮಕ್ಕಳು ಸಾಕು. ಹಾಜರಿ ಪುಸ್ತಕದ ಪ್ರತಿ ಮೂರನೇ ಹೆಸರು ತೆಗೆದುಕೊಳ್ಳಿ. 'ಚೆನ್ನಾಗಿ ಓದುವವರನ್ನು ಕಳಿಸಲಾ' ಎಂದರೆ ನಯವಾಗಿ ಬೇಡ ಎನ್ನಿ. ತರಗತಿಯಲ್ಲಿ ಹತ್ತೇ ಮಕ್ಕಳಿದ್ದರೆ ಎಲ್ಲರನ್ನೂ ಓದಿಸಿ. ಒಬ್ಬೊಬ್ಬರನ್ನೇ ಜಗಲಿಗೆ ಕರೆದು, ಚಾಪೆಯ ಮೇಲೆ ಮಗುವಿನ ಪಕ್ಕದಲ್ಲಿ ಕೂತು, ಮೊದಲು ಎರಡು ನಿಮಿಷ ಊಟ, ಆಟ, ಮನೆಯ ಕರುವಿನ ಬಗ್ಗೆ ಮಾತಾಡಬೇಕು. ಎದುರು ಕೂತರೆ ಪರೀಕ್ಷೆ ಎನಿಸುತ್ತದೆ.

ಪಠ್ಯಪುಸ್ತಕದಿಂದ ಓದಿಸಬಾರದು. ಅರ್ಧ ಮಕ್ಕಳಿಗೆ ಅದು ಬಾಯಿಪಾಠವಾಗಿರುತ್ತದೆ, ಪುಟ ತಿರುವಿದರೂ ಓದು ನಿಲ್ಲುವುದಿಲ್ಲ! ಗ್ರಾಮೀಣ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆ 2005ರಿಂದ ಬಳಸುತ್ತಿರುವ ಮೆಟ್ಟಿಲುಗಳೇ ನನಗೂ ಆಧಾರ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ನಾಲ್ಕು ವಾಕ್ಯವನ್ನು ನಾನೇ ಬರೆದುಕೊಳ್ಳುತ್ತೇನೆ, ದಪ್ಪ ಅಕ್ಷರದಲ್ಲಿ. ಉದಾಹರಣೆಗೆ: 'ಗೌರಿಯ ಮನೆಯಲ್ಲಿ ಒಂದು ಮೇಕೆ ಇದೆ. ಅದು ಬೇಲಿ ಹಾರಿ ಹೊಲಕ್ಕೆ ಹೋಯಿತು. ಜೋಳದ ಎಲೆ ತಿಂದಿತು. ಗೌರಿ ಹಗ್ಗ ತಂದಳು.' ಶುರು ಮಾಡುವುದು ಇಲ್ಲಿಂದಲೇ. ಮೂರಕ್ಕಿಂತ ಹೆಚ್ಚು ತಪ್ಪಾದರೆ ಅಥವಾ ಪದ ಪದಕ್ಕೂ ನಿಂತು ನಿಂತು ಓದಿದರೆ ಬಿಡಿ ಪದಗಳಿಗೆ ಇಳಿಯುತ್ತೇನೆ. ಐದರಲ್ಲಿ ನಾಲ್ಕು ಸರಿಯಾದರೆ ಆ ಮೆಟ್ಟಿಲು ದಾಟಿದಂತೆ. ಅದೂ ಆಗದಿದ್ದರೆ ಅಕ್ಷರ. ಸಲೀಸಾಗಿ ಓದಿದ ಮಗುವಿಗೆ ಕಥೆ. ನಾಲ್ಕು ವಾಕ್ಯ ಓದಿದ ಮೇಲೆ ಎರಡು ಪ್ರಶ್ನೆ: ಮೇಕೆ ಏನು ತಿಂದಿತು? ಗೌರಿ ಹಗ್ಗ ತಂದದ್ದು ಏಕೆ? ಎರಡನೆಯದಕ್ಕೆ ಉತ್ತರ ಬರಹದಲ್ಲಿಲ್ಲ. ಅಕ್ಷರ ಓದುವ ಮಗು ಮೊದಲನೆಯದಕ್ಕೆ ಉತ್ತರಿಸುತ್ತದೆ, ಅರ್ಥ ಹಿಡಿದ ಮಗು ಎರಡನೆಯದಕ್ಕೂ ಉತ್ತರಿಸುತ್ತದೆ.

ತಪ್ಪುಗಳನ್ನು ಹಾಗೆ ಹಾಗೇ ಬರೆದುಕೊಳ್ಳುವುದು ಅತಿ ಮುಖ್ಯ. 'ಹಗ್ಗ' ಎನ್ನುವುದನ್ನು 'ಹಗ' ಎಂದರೆ ಒತ್ತಕ್ಷರ ಕೈಗೆ ಬಂದಿಲ್ಲ. 'ಬೇಲಿ'ಯನ್ನು 'ಬೆಲಿ' ಎಂದರೆ ಕಾಗುಣಿತದ ದೀರ್ಘ. 'ಸೂರ್ಯ', 'ಕರ್ನಾಟಕ'ದಂಥ ಪದದಲ್ಲಿ ಅರ್ಕಾವೊತ್ತನ್ನು ಎಲ್ಲಿ ಉಚ್ಚರಿಸಬೇಕೆಂದು ತಡವರಿಸುವ ಮಕ್ಕಳು ಐದನೇ ತರಗತಿಯಲ್ಲೂ ಸಿಗುತ್ತಾರೆ, ಏಕೆಂದರೆ ಬರೆಯುವಾಗ ಅದು ಅಕ್ಷರದ ನಂತರ ಬಂದರೂ ಓದುವಾಗ ಅಕ್ಷರಕ್ಕಿಂತ ಮೊದಲು ಬರಬೇಕು. ಆದರೆ ಹಳೇ ಮೈಸೂರಿನ ಕಡೆಯ ಮಗು 'ಹೊಲಕ್ಕೆ' ಎನ್ನುವುದನ್ನು 'ಒಲಕ್ಕೆ' ಎಂದರೆ ಅದನ್ನು ತಪ್ಪೆಂದು ಎಣಿಸಬಾರದು. ಅದು ಮನೆಮಾತು, ಮಗು ಸರಿಯಾಗಿಯೇ ಓದಿದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಮಾತಾಡುವ ಮಕ್ಕಳ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಳ್ಳುತ್ತೇನೆ. ಅವರನ್ನು ಕನ್ನಡದಲ್ಲಿ ಮಾತಾಡಿಸುವ ಕೆಲಸ ಮೊದಲ ವರ್ಷ ನಡೆದಿದೆಯೇ ಎಂದು ಆಮೇಲೆ ಕೇಳಬೇಕು. ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎನ್ನುವ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ ಇದ್ದರೂ ನಾನು ಗಡಿಯಾರ ಹಿಡಿಯುವುದಿಲ್ಲ. 'ಮನೆಯವರೊಂದಿಗೆ' ಎನ್ನುವುದು ನಮ್ಮಲ್ಲಿ ಒಂದೇ ಪದ. ಪದ ಎಣಿಸಿ ಅಳೆದರೆ ಕನ್ನಡದ ಮಗುವಿಗೆ ಮೋಸವಾಗುತ್ತದೆ.

ಗಣಿತಕ್ಕೆ ಮೂರೇ ಲೆಕ್ಕ. ಮೂರನೇ ತರಗತಿಗೆ 42ರಲ್ಲಿ 17 ಕಳೆಯುವುದು. 35 ಎಂದು ಬರೆದ ಮಗು 7ರಲ್ಲಿ 2 ಕಳೆದಿದೆ: ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಎಂದು ಯಾರೋ ಹೇಳಿದ್ದನ್ನು ಮೇಲೆ ಕೆಳಗೆ ನೋಡದೆ ಪಾಲಿಸಿದೆ. ದಶಕ ಬಿಡಿಸುವುದನ್ನು ಕಡ್ಡಿ ಕಟ್ಟುಗಳಲ್ಲಿ ಮಾಡಿಸಿಲ್ಲ ಎಂದರ್ಥ. ಐದನೇ ತರಗತಿಗೆ 618ನ್ನು 6ರಿಂದ ಭಾಗಿಸುವುದು. 13 ಎಂದು ಬಂದರೆ ಸೊನ್ನೆ ಬಿಟ್ಟುಹೋಗಿದೆ, ಸ್ಥಾನಬೆಲೆ ಗಟ್ಟಿಯಾಗಿಲ್ಲ. ಮೂರನೆಯದು ಬಾಯಿಲೆಕ್ಕ: ಸೋಪಿಗೆ 35 ರೂಪಾಯಿ, ನೀನು 50ರ ನೋಟು ಕೊಟ್ಟೆ, ಚಿಲ್ಲರೆ ಎಷ್ಟು? ಇದನ್ನು ತಟ್ಟನೆ ಹೇಳಿದ ಮಗು ಕಾಗದದ ಮೇಲೆ ಕಳೆಯಲು ಆಗದೆ ಕೂತರೆ, ಮಗುವಿನ ಬುದ್ಧಿಗೆ ಏನೂ ಆಗಿಲ್ಲ. ಅಂಗಡಿಯ ಲೆಕ್ಕಕ್ಕೂ ಹಲಗೆಯ ಲೆಕ್ಕಕ್ಕೂ ನಂಟು ಬೆಸೆದಿಲ್ಲ. ಹತ್ತರಲ್ಲಿ ಆರು ಮಕ್ಕಳು ಒಂದೇ ತಪ್ಪು ಮಾಡಿದ್ದರೆ ಅದು ಪಾಠ ಮಾಡಿದ ರೀತಿಯಿಂದ ಬಂದದ್ದು, ಬೇರೆ ಬೇರೆ ತಪ್ಪುಗಳಾದರೆ ಒಂದೊಂದು ಮಗುವನ್ನೂ ಬೇರೆಯಾಗಿ ನೋಡಬೇಕು.

ಈ ಅಂಕಿಗಳನ್ನು ಓದುವಾಗ ಎಚ್ಚರ ಇರಲಿ. ಹತ್ತು ಮಕ್ಕಳಲ್ಲಿ ಒಬ್ಬರೆಂದರೆ ಶೇ 10. ಒಂದು ಶಾಲೆಯಲ್ಲಿ ಐವರು, ಇನ್ನೊಂದರಲ್ಲಿ ಆರು ಮಕ್ಕಳು ಓದಿದರೆ ಎರಡೂ ಒಂದೇ. ಪಕ್ಕದೂರಿನ ಶಾಲೆಗೆ ಹೋಲಿಸುವುದಕ್ಕಿಂತ ಅದೇ ಶಾಲೆಯ ಮೂರನೆಯ ಮತ್ತು ಐದನೆಯ ತರಗತಿಯನ್ನು ಹೋಲಿಸುವುದು ಹೆಚ್ಚು ಹೇಳುತ್ತದೆ. ಮೂರನೆಯಲ್ಲಿ ಕಥೆ ಓದುವವರು ಮೂವರು, ಐದನೆಯಲ್ಲಿ ಎಂಟು ಜನ ಎಂದಾದರೆ, ಬಡವರ, ಕೂಲಿಯವರ ಮಕ್ಕಳೇ ತುಂಬಿರುವ ಆ ಶಾಲೆ ಕೆಲಸ ಮಾಡುತ್ತಿದೆ. ಮೂರನೆಯಲ್ಲಿ ಆರು, ಐದನೆಯಲ್ಲೂ ಆರೇ ಎಂದಾದರೆ ಮನೆಯಿಂದ ಬಂದ ಬಲವೇ ಅಲ್ಲಿ ಕಾಣುತ್ತಿರಬಹುದು. ಐದನೇ ತರಗತಿಗೆ ಬರುವಷ್ಟರಲ್ಲಿ ಚುರುಕಾದ ಕೆಲವರು ಖಾಸಗಿ ಶಾಲೆಗೆ ಹೋಗಿದ್ದಾರೆಯೇ ಎಂಬುದನ್ನು ವರ್ಗಾವಣೆ ಪತ್ರಗಳ ಲೆಕ್ಕದಿಂದ ನೋಡಿಕೊಳ್ಳಿ.

1ರಿಂದ 3ರವರೆಗಿನ ನಲಿ-ಕಲಿ ಕೊಠಡಿಯಲ್ಲಿ ನೋಡುವುದೇ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯ ಜೀವ ಇರುವುದು ಪ್ರತಿ ಮಗುವೂ ತನ್ನ ವೇಗದಲ್ಲಿ, ಕಾರ್ಡಿನಿಂದ ಕಾರ್ಡಿಗೆ, ಕಲಿಕಾ ಏಣಿ ಹತ್ತುವುದರಲ್ಲಿ. ಅಕ್ಷರಮಾಲೆ ಕೂಡ ಅ ಆ ಇ ಈ ಎಂದು ಬಾರದೆ ರ ಗ ಸ ದ ಅ ಎಂದು ಬರುತ್ತದೆ, ಐದು ಅಕ್ಷರ ಕಲಿತ ಕೂಡಲೇ ಮಗು 'ಸರ', 'ಅರಸ', 'ಗರಗಸ' ಓದಲಿ ಎಂದು. ಒಂದು ಮಗುವನ್ನು 'ನೀನು ಯಾವ ಕಾರ್ಡಿನಲ್ಲಿದ್ದೀಯ' ಎಂದು ಕೇಳಿ. ಎದ್ದು ಹೋಗಿ ತಾನೇ ಕಾರ್ಡು ತಂದರೆ ಕೊಠಡಿ ನಡೆಯುತ್ತಿದೆ. ಆ ಕಾರ್ಡು ಗೋಡೆಯ ಪ್ರಗತಿ ನೋಟದಲ್ಲಿ ಅದೇ ಮಗುವಿನ ಹೆಸರಿನ ಮುಂದೆ ಇರುವ ಗುರುತಿಗೆ ಹೊಂದಬೇಕು. ಕೆಟ್ಟಿರುವ ಲಕ್ಷಣಗಳು ಬೇಗ ಕಾಣುತ್ತವೆ: ಎಲ್ಲ ಮಕ್ಕಳೂ ಏಣಿಯ ಒಂದೇ ಮೈಲಿಗಲ್ಲಿನಲ್ಲಿ, ಅಂದರೆ ಒಂದೇ ಹಂತದಲ್ಲಿ, ಇರುವುದು, ಕಾರ್ಡುಗಳು ರಬ್ಬರ್ ಬ್ಯಾಂಡ್ ಸಮೇತ ಬೀರುವಿನಲ್ಲಿರುವುದು, ಪ್ರಗತಿ ನೋಟವನ್ನು ಒಂದೇ ಪೆನ್ನಿನಲ್ಲಿ ಒಂದೇ ದಿನ ತುಂಬಿರುವುದು, ಚಾವಣಿಯ ಕೆಳಗೆ ದಾರ ಕಟ್ಟಿ ಮಾಡಿದ ಚಪ್ಪರಕ್ಕೆ ತೂಗುಹಾಕಿದ ಚಿತ್ರಗಳಲ್ಲಿ ಈಗ ಐದನೇ ತರಗತಿಯಲ್ಲಿರುವ ಮಕ್ಕಳ ಹೆಸರಿರುವುದು. ಶಿಕ್ಷಕರು ಯಾವ ಗುಂಪಿನ ಜೊತೆ ನೆಲದ ಮೇಲೆ ಕೂತಿದ್ದಾರೆ ಎಂಬುದನ್ನು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ. ಶಿಕ್ಷಕರ ನೆರವು ಬೇಕಿರುವ ಗುಂಪಿನ ಜೊತೆಗೆ ಇದ್ದರೆ ಅರ್ಧ ಗೆದ್ದಂತೆ.

ನೋಟ್‌ಪುಸ್ತಕ ಮೂರು ತೆಗೆದುಕೊಳ್ಳುತ್ತೇನೆ, ನನ್ನ ಮುಂದೆ ಸಲೀಸಾಗಿ ಓದಿದ ಮಗುವಿನದು, ನಡುವಿನದು, ಅಕ್ಷರದಲ್ಲೇ ನಿಂತ ಮಗುವಿನದು. ಕೊನೆಯ ಪುಸ್ತಕ ತುಂಬ ಅಂದವಾಗಿ, ಒಂದೂ ತಪ್ಪಿಲ್ಲದೆ ಇದ್ದರೆ ಅದು ಹಲಗೆಯಿಂದ ಇಳಿಸಿಕೊಂಡದ್ದು. ಕೆಂಪು ಶಾಯಿಯ ಗುರುತಿದ್ದರೆ ಸಾಲದು. ತಿದ್ದಿದ ತಪ್ಪು ಎರಡು ವಾರದ ನಂತರ ಮತ್ತೆ ಬಂದಿದೆಯೇ ನೋಡಬೇಕು.

ಊಟ, ನೀರು, ಶೌಚಾಲಯಕ್ಕೆ ಅರ್ಧ ಗಂಟೆ ಸಾಕು. ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 60 ಮಕ್ಕಳಿಗೆ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ ಎಂದಾಯಿತು. ಸಾರು ನೀರಾಗಿದ್ದರೆ ಅಡುಗೆಯವರನ್ನು ಗದರಿಸದೆ ಅಳತೆಯನ್ನು ಕೇಳಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿದರೇ ಎಂಬುದನ್ನೂ ಗಮನಿಸಿ. ಶೌಚಾಲಯವನ್ನು ಬೆಳಿಗ್ಗೆ ನೋಡಬೇಡಿ, ಮಧ್ಯಾಹ್ನ ಮೂರಕ್ಕೆ ನೋಡಿ. ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇದೆ, ಒಳಗೆ ನೀರು ಬರುತ್ತದೆಯೇ? ಶಾಲೆಯಲ್ಲಿ ಆರು, ಏಳನೇ ತರಗತಿಯೂ ಇದ್ದರೆ ಅಲ್ಲಿನ ಹೆಣ್ಣುಮಕ್ಕಳನ್ನು ಇದರ ಬಗ್ಗೆ ಕೇಳಲು ಜೊತೆಗೆ ಒಬ್ಬ ಮಹಿಳೆ ಇರಲೇಬೇಕು.

ಎಸ್‌ಡಿಎಂಸಿಯ ನಡಾವಳಿ ಪುಸ್ತಕ ತಿರುವಿ ಹಾಕುತ್ತೇನೆ. ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಕಾಂಪೌಂಡು, ಧ್ವಜಾರೋಹಣ, ಬಣ್ಣ ಇವುಗಳಾಚೆ ಮಕ್ಕಳ ಓದಿನ ಬಗ್ಗೆ ಒಂದು ವರ್ಷದಲ್ಲಿ ಎಷ್ಟು ನಿರ್ಣಯ ಆಗಿವೆ ಎಂದು ಎಣಿಸುತ್ತೇನೆ. ಸೊನ್ನೆ ಬಂದರೆ ಆ ಹೊಣೆ ಶಿಕ್ಷಕರದ್ದಷ್ಟೇ ಎನ್ನಲಾಗದು, ಊರಿನದೂ ಹೌದು.

ಕೊನೆಗೆ ಮುಖ್ಯ ಶಿಕ್ಷಕರ ಹತ್ತಿರ ಕೂತು ಕೇಳುವ ಪ್ರಶ್ನೆ: 'ಮೂರನೇ ತರಗತಿಯಲ್ಲಿ ಇನ್ನೂ ಓದಲು ಬಾರದವರು ಯಾರ್‍ಯಾರು?' ಅವರು ಹೇಳಿದ ಹೆಸರುಗಳನ್ನು ನನ್ನ ಜಗಲಿಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಐದರಲ್ಲಿ ನಾಲ್ಕು ಹೆಸರು ತಾಳೆಯಾದರೆ, ಫಲಿತಾಂಶ ಈಗ ಕಡಿಮೆ ಇದ್ದರೂ ಆ ಶಾಲೆಗೆ ಮಗುವನ್ನು ಸೇರಿಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 'ನಾಲ್ಕೈದು ಜನ ಇದ್ದಾರೆ, ಮನೆಯಲ್ಲಿ ಗಮನ ಕೊಡಲ್ಲ' ಎಂಬ ಉತ್ತರ ಬಂದರೆ ಕಟ್ಟಡ ಎಷ್ಟೇ ಚೆಂದವಿದ್ದರೂ ನನಗೆ ಸಮಾಧಾನವಿಲ್ಲ.

ಕಂಡದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಮೊದಲು ಮುಖ್ಯ ಶಿಕ್ಷಕರಿಗೆ ಓದಿ ಹೇಳುತ್ತೇನೆ, ಆಮೇಲೆ ಎಸ್‌ಡಿಎಂಸಿ ಸಭೆಗೆ. ಸಭೆಯಲ್ಲಿ ಸಂಖ್ಯೆ ಮಾತ್ರ, ಮಕ್ಕಳ ಹೆಸರು ಹೇಳುವಂತಿಲ್ಲ. ಹೆಸರಿನ ಪಟ್ಟಿ ತರಗತಿ ಶಿಕ್ಷಕರ ಕೈಗೆ. ನಾಲ್ಕು ತಿಂಗಳ ನಂತರ ಹೋಗುವಾಗ ಗೌರಿಯ ಮೇಕೆಯನ್ನು ಬಿಟ್ಟು, ಅಷ್ಟೇ ಉದ್ದದ, ಅಷ್ಟೇ ಒತ್ತಕ್ಷರಗಳಿರುವ ಬೇರೆ ನಾಲ್ಕು ವಾಕ್ಯ ಬರೆದುಕೊಂಡು, ಪಟ್ಟಿಯಲ್ಲಿದ್ದ ಅದೇ ಮಕ್ಕಳನ್ನು ಮೊದಲು ಕರೆಯುತ್ತೇನೆ.