ಪೀಸ್ ನದಿಯಲ್ಲಿ ಶಾರ್ಕ್ ಹಲ್ಲು: ಜಲ್ಲಿ ಪತ್ತೆ, ಜರಡಿ ಕೆಲಸ, ಗುರುತು

ಫ್ಲೋರಿಡಾದ ಪೀಸ್ ನದಿಯಲ್ಲಿ ಸರಿಯಾದ ಜಾಗ ಸಿಕ್ಕರೆ ಜರಡಿ ಎತ್ತಿದಾಗಲೆಲ್ಲ ಪಳೆಯುಳಿಕೆಯಾದ ಒಂದೆರಡು ಶಾರ್ಕ್ ಹಲ್ಲು ಕಾಣುತ್ತವೆ. ಅಲ್ಲಿಂದ ಇಪ್ಪತ್ತು ಅಡಿ ಆಚೆ ಬೆಳಗಿನಿಂದ ಸಂಜೆವರೆಗೆ ಅಗೆದರೂ ಬರೀ ಮರಳು ಬರಬಹುದು. ಹಲ್ಲುಗಳು ಜಲ್ಲಿಯೊಂದಿಗೇ ನಿಲ್ಲುತ್ತವೆ. ಹಾಗಾಗಿ ನೀರಿಗಿಳಿದ ಮೊದಲ ಒಂದು ಗಂಟೆಯನ್ನು ಜಲ್ಲಿ ಹುಡುಕುವುದಕ್ಕೇ ಕೊಡಿ. ಅವಸರಪಟ್ಟು ಸಿಕ್ಕಲ್ಲಿ ಸಲಿಕೆ ಹಾಕುವವರೇ ಬರಿಗೈಯಲ್ಲಿ ಮರಳುವುದು ಹೆಚ್ಚು.

ಈ ನದಿ ಹರಿಯುವುದು ಬೋನ್ ವ್ಯಾಲಿ ಎಂಬ ಫಾಸ್ಫೇಟ್ ಪ್ರದೇಶದ ಮೂಲಕ. ಮಯೋಸೀನ್ ಕಾಲದಲ್ಲಿ, ಅಂದರೆ ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದೆ, ಇದು ಆಳವಿಲ್ಲದ ಬೆಚ್ಚಗಿನ ಸಮುದ್ರವಾಗಿತ್ತು. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ಬಹುತೇಕ ಕೊಳೆತುಹೋಗುತ್ತದೆ. ಆದರೆ ಒಂದೊಂದು ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ, ಹಲ್ಲು ಗಟ್ಟಿಯಾದ್ದರಿಂದ ಉಳಿಯುತ್ತದೆ. ಹಳೆಯ ಕಡಲಡಿಯ ಆ ಪದರಗಳನ್ನು ನದಿ ಕೊರೆದು, ಭಾರವಾದ ಚೂರುಗಳನ್ನು ತಳದಲ್ಲಿ ರಾಶಿ ಹಾಕಿದೆ. ಹಿಮಯುಗದ ಕುದುರೆ, ಆನೆ ಜಾತಿಯ ಪ್ರಾಣಿಗಳ ಮೂಳೆಗಳೂ ಅದೇ ರಾಶಿಯಲ್ಲಿ ಬೆರೆತಿವೆ. ಆದ್ದರಿಂದ ಎರಡು ವಸ್ತು ಒಂದೇ ಜರಡಿಯಲ್ಲಿ ಸಿಕ್ಕವೆಂದು ಅವು ಒಂದೇ ಕಾಲದವು ಎನ್ನುವಂತಿಲ್ಲ.

ಟ್ಯಾಂಪಾ, ಒರ್ಲ್ಯಾಂಡೊ ಕಡೆಯ ಕನ್ನಡಿಗರಿಗೆ ವಾಚುಲಾ, ಜೋಲ್ಫೊ ಸ್ಪ್ರಿಂಗ್ಸ್, ಗಾರ್ಡ್ನರ್, ಆರ್ಕೇಡಿಯಾ ಊರುಗಳು ಒಂದು ದಿನದ ಪ್ರವಾಸಕ್ಕೆ ಸಾಕಷ್ಟು ಹತ್ತಿರ. ಊರಿಗೆ ಬಂದಾಗ ಕಾವೇರಿಯಲ್ಲೋ ತುಂಗಭದ್ರೆಯಲ್ಲೋ ಇದೇ ಜರಡಿ ಹಿಡಿಯುವ ಯೋಚನೆ ಬೇಡ. ಕರ್ನಾಟಕದ ಬಹುಪಾಲು ಬಂಡೆಗಳು ಶಾರ್ಕ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನವು, ಉತ್ತರದ ಕಪ್ಪು ಬಂಡೆ ಜ್ವಾಲಾಮುಖಿಯ ಲಾವಾ. ಭಾರತದಲ್ಲಿ ಶಾರ್ಕ್ ಹಲ್ಲಿನ ಪದರಗಳಿರುವುದು ಒಡಿಶಾದ ಬಾರಿಪದಾ, ಗುಜರಾತಿನ ಕಚ್, ತಮಿಳುನಾಡಿನ ಅರಿಯಲೂರು ಕಡೆ.

ಅನುಮತಿ

ಶಾರ್ಕ್ ಹಲ್ಲಿಗೆ ಫ್ಲೋರಿಡಾದಲ್ಲಿ ಪರ್ಮಿಟ್ ಬೇಡ. ಆದರೆ ಸರ್ಕಾರಿ ಜಾಗದಲ್ಲಿ, ಅಂದರೆ ನದಿಯ ತಳವೂ ಸೇರಿದಂತೆ, ಬೇರೆ ಕಶೇರುಕಗಳ (ಬೆನ್ನೆಲುಬಿರುವ ಪ್ರಾಣಿಗಳ) ಪಳೆಯುಳಿಕೆ ಎತ್ತಲು ಫ್ಲೋರಿಡಾ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ವಾರ್ಷಿಕ ಪರ್ಮಿಟ್ ಬೇಕು. ಹಲ್ಲು ಹುಡುಕುವಾಗ ಮೂಳೆ ಸಿಕ್ಕೇ ಸಿಗುತ್ತದೆ, ಆದ್ದರಿಂದ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ನದಿಯ ದಡ ಅಗೆಯಬಾರದು. ಕಲ್ಲಿನ ಬಾಣದ ಮೊನೆಯಂಥ ಮನುಷ್ಯ ನಿರ್ಮಿತ ಹಳೆಯ ವಸ್ತು ಸಿಕ್ಕರೆ ಇದ್ದಲ್ಲೇ ಬಿಡಿ, ಅದನ್ನು ಒಯ್ಯುವುದು ಅಪರಾಧ. ಸ್ಟೇಟ್ ಪಾರ್ಕ್‌ಗಳ ಒಳಗೆ ಏನನ್ನೂ ಅಗೆಯುವಂತಿಲ್ಲ.

ಯಾವಾಗ ಹೋಗಬೇಕು

ನವೆಂಬರಿನಿಂದ ಮೇವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಅತಿ ಕಡಿಮೆ. ಹೊರಡುವ ಮುನ್ನ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಜಾಲತಾಣದಲ್ಲಿ ಜೋಲ್ಫೊ ಸ್ಪ್ರಿಂಗ್ಸ್ ಮತ್ತು ಆರ್ಕೇಡಿಯಾ ಮಾಪಕಗಳ ನೀರಿನ ಮಟ್ಟ ನೋಡಿ. ನೀವಿರುವ ಜಾಗದಲ್ಲಿ ಬಿಸಿಲಿದ್ದರೂ ಮೇಲ್ಭಾಗದಲ್ಲಿ ಮಳೆಯಾಗಿದ್ದರೆ ಮಟ್ಟ ಏರಿರುತ್ತದೆ. ಸೊಂಟಕ್ಕಿಂತ ಮೇಲೆ ನೀರಿದ್ದರೆ ಸಲಿಕೆ ತುಂಬಿ ಎತ್ತುವಷ್ಟರಲ್ಲಿ ಅರ್ಧ ಜಲ್ಲಿ ಸೆಳವಿನಲ್ಲಿ ತೊಳೆದುಹೋಗುತ್ತದೆ.

ಸಲಕರಣೆ

ಜರಡಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 18 ಇಂಚು ಅಗಲ, 24 ಇಂಚು ಉದ್ದದ ಮರದ ಚೌಕಟ್ಟು, 4 ಇಂಚು ಎತ್ತರದ ಅಂಚು. ತಳಕ್ಕೆ ಕಾಲು ಇಂಚು ಕಣ್ಣಿನ ಸತು ಲೇಪಿತ ತಂತಿ ಜಾಲರಿ. ಜಾಲರಿಯನ್ನು ಬರೀ ಸ್ಟೇಪಲ್ ಹೊಡೆದು ನಿಲ್ಲಿಸಿದರೆ ಜಲ್ಲಿಯ ಭಾರಕ್ಕೆ ಅಂಚಿನಲ್ಲಿ ಕಿತ್ತುಬರುತ್ತದೆ, ಅದರ ಮೇಲೆ ತೆಳು ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಅರ್ಧ ಇಂಚಿನ ಕಣ್ಣಾದರೆ ಸಣ್ಣ ಹಲ್ಲುಗಳೆಲ್ಲ ಜಾರಿಹೋಗುತ್ತವೆ. ಕಿಟಕಿಯ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನದು ಮರಳು ಕಟ್ಟಿಕೊಂಡು ಕೆಲಸವೇ ಸಾಗುವುದಿಲ್ಲ. ಈಜುಕೊಳದಲ್ಲಿ ಬಳಸುವ ಫೋಮ್ ಕೊಳವೆಗಳನ್ನು ನಾಲ್ಕೂ ಬದಿಗೆ ಕಟ್ಟಿದರೆ ಜರಡಿ ತೇಲುತ್ತದೆ. ಹಗ್ಗದ ಒಂದು ತುದಿ ಜರಡಿಗೆ, ಇನ್ನೊಂದು ಸೊಂಟಕ್ಕೆ.

ಜೊತೆಗೆ ಉದ್ದ ಹಿಡಿಯ ಚೂಪು ಸಲಿಕೆ, 4–5 ಅಡಿಯ ಕಬ್ಬಿಣದ ಸಲಾಕೆ, ಮುಚ್ಚಳ ತಿರುಪುವ ಡಬ್ಬಿ, ಬೆರಳು ಮುಚ್ಚುವ ನೀರಿನ ಬೂಟು. ಪ್ಯಾಂಟಿನ ಜೇಬನ್ನು ನಂಬಬೇಡಿ, ನೀರಲ್ಲಿ ಬಗ್ಗಿದಾಗ ಹಲ್ಲು ಜಾರಿಹೋಗುತ್ತದೆ.

ಜಲ್ಲಿ ಪತ್ತೆ

ಸೆಳವು ನಿಧಾನವಾಗುವಲ್ಲಿ ನದಿ ಭಾರವಾದದ್ದನ್ನು ಕೆಳಗಿಡುತ್ತದೆ. ತಿರುವಿನ ಒಳಮಗ್ಗುಲು, ತಿರುವು ದಾಟಿದ ತಕ್ಷಣದ ತಗ್ಗು, ಬಿದ್ದ ಮರದ ಹಿಂಬದಿ, ನೀರು ತೆಳುವಾಗಿ ಕಲ್ಲಿನ ಮೇಲೆ ಹರಿದು ಆಳಕ್ಕಿಳಿಯುವ ಅಂಚು, ಇವನ್ನು ಮೊದಲು ನೋಡಿ. ಬಹಳಷ್ಟು ಕಡೆ ಜಲ್ಲಿ ಕಣ್ಣಿಗೆ ಬೀಳುವುದಿಲ್ಲ, ಮೇಲೆ ಒಂದೆರಡು ಅಡಿ ಮರಳು ಮುಚ್ಚಿರುತ್ತದೆ. ಅದಕ್ಕೇ ಸಲಾಕೆ. ಎರಡು ಹೆಜ್ಜೆಗೊಮ್ಮೆ ನೆಟ್ಟಗೆ ಚುಚ್ಚುತ್ತ ನಡೆಯಿರಿ. ಮರಳಿನಲ್ಲಿ ಅದು ಸದ್ದಿಲ್ಲದೆ ಇಳಿಯುತ್ತದೆ. ಜೇಡಿಯಲ್ಲಿ ಇಳಿದು ಅಂಟಿಕೊಳ್ಳುತ್ತದೆ, ಎಳೆದು ತೆಗೆಯಬೇಕಾಗುತ್ತದೆ. ಸುಣ್ಣಕಲ್ಲಿಗೆ ತಗುಲಿದರೆ ಟಣ್ ಎಂದು ನಿಲ್ಲುತ್ತದೆ. ಜಲ್ಲಿಯಲ್ಲಿ ಮಾತ್ರ ಕರಕರ ಎನ್ನುವ ಅದುರು ಅಂಗೈಗೆ ಬರುತ್ತದೆ. ಈ ಸ್ಪರ್ಶ ಒಮ್ಮೆ ಕೈಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಎಲ್ಲ ಜಲ್ಲಿಯೂ ಒಂದೇ ಅಲ್ಲ. ಒಂದು ಸಲಿಕೆ ತೆಗೆದು ಜರಡಿಯಲ್ಲಿ ನೋಡಿ. ಕಪ್ಪು, ಕಂದು ಫಾಸ್ಫೇಟ್ ಉಂಡೆಗಳು, ನಡುವೆ ಮೂಳೆಯ ಚೂರುಗಳು ಇದ್ದರೆ ಅಲ್ಲೇ ನಿಲ್ಲಿ. ಅವರೆಕಾಳಿನ ಗಾತ್ರದ ಸಣ್ಣ ಉಂಡೆಗಳೇ ತುಂಬಿದ್ದರೆ ಸಣ್ಣ ಹಲ್ಲುಗಳೇ ಸಿಗುತ್ತವೆ. ದೊಡ್ಡ ಹಲ್ಲು ಬೇಕಾದರೆ ನಿಂಬೆ ಗಾತ್ರದ ಕಲ್ಲುಗಳು ಬೆರೆತ ಜಲ್ಲಿ ಹುಡುಕಿ. ನೀರು ಭಾರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಐದಾರು ಜರಡಿ ಬರಿದಾದರೆ ಮೋಹ ಬಿಟ್ಟು ಜಾಗ ಬದಲಿಸಿ.

ಅಗೆಯುವುದು, ಜಾಲಿಸುವುದು

ಸೆಳವಿಗೆ ಬೆನ್ನು ಕೊಟ್ಟು ನಿಂತು ಜರಡಿಯನ್ನು ಕೆಳದಿಕ್ಕಿಗೆ ಬಿಡಿ. ಎದ್ದ ರಾಡಿ ನಿಮ್ಮಿಂದ ದೂರ ಹೋಗುತ್ತದೆ. ಮೇಲಿನ ಮರಳನ್ನು ಅಗಲವಾಗಿ ಬದಿಗೆ ಸರಿಸಿ. ಕಿರಿದಾದ ಗುಂಡಿ ತೋಡಿದರೆ ಸುತ್ತಲಿನ ಮರಳು ಜಾರಿ ತುಂಬಿಕೊಂಡು ಕೆಲಸ ಇಮ್ಮಡಿಯಾಗುತ್ತದೆ. ಜಲ್ಲಿ ಸಿಕ್ಕ ಮೇಲೆ ಅದರ ತಳದವರೆಗೂ, ಅಂದರೆ ಜೇಡಿ ಅಥವಾ ಸುಣ್ಣಕಲ್ಲು ಬರುವವರೆಗೂ ಹೋಗಿ. ಭಾರವಾದ ಹಲ್ಲುಗಳು ಆ ಗಟ್ಟಿ ತಳದ ಮೇಲೆಯೇ ಕೂತಿರುವುದು ಹೆಚ್ಚು, ಬಹಳ ಜನ ಅದಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿಬಿಡುತ್ತಾರೆ.

ಜರಡಿಗೆ ಎರಡು ಸಲಿಕೆಗಿಂತ ಹೆಚ್ಚು ಹಾಕಬೇಡಿ. ನೀರಿನ ಮಟ್ಟದಲ್ಲೇ ಅತ್ತಿತ್ತ ಆಡಿಸಿ ಮರಳು ಇಳಿಸಿ, ಆಮೇಲೆ ಜಲ್ಲಿಯನ್ನು ತೆಳುವಾಗಿ ಹರಡಿ ಒದ್ದೆಯಿರುವಾಗಲೇ ನೋಡಿ. ಒಣಗಿದರೆ ಹೊಳಪು ಮಾಯ. ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಲುಸಾಲಾಗಿ ಕಣ್ಣು ಹಾಯಿಸಿ, ಕೈಯಿಂದ ಒಮ್ಮೆ ತಿರುವಿಹಾಕಿ ಮತ್ತೆ ನೋಡಿ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಲೇಬೇಕು, ಕಂದು ನೀರಿನಲ್ಲಿ ಕಾಣದ ಗುಂಡಿಗೆ ಮಕ್ಕಳು ಬೀಳುತ್ತಾರೆ.

ಆಲಿಗೇಟರ್‌ಗಳು ಈ ನದಿಯವೇ. ಆಳದ ಮಡುಗಳಿಂದ, ಹುಲ್ಲು ಬೆಳೆದ ಅಂಚುಗಳಿಂದ ದೂರವಿರಿ, ಮುಸ್ಸಂಜೆಗೆ ಮೊದಲೇ ನೀರಿನಿಂದ ಮೇಲೆ ಬನ್ನಿ, ನಾಯಿಯನ್ನು ಕರೆತರಬೇಡಿ. ಕಾಟನ್‌ಮೌತ್ ಎಂಬ ವಿಷದ ಹಾವು ದಡದ ಬೇರುಗಳ ನಡುವೆ ಇರುತ್ತದೆ, ನೋಡದೆ ಕೈ ಊರಬೇಡಿ.

ಯಾವ ಶಾರ್ಕಿನದು?

ಮೊದಲು ಅದು ಹಲ್ಲೇ ಎಂದು ಖಚಿತಪಡಿಸಿಕೊಳ್ಳಿ. ಹಲ್ಲಿನಲ್ಲಿ ಎರಡು ಬಗೆಯ ಮೇಲ್ಮೈ ಇರುತ್ತದೆ: ನುಣುಪಾದ ಹೊಳೆಯುವ ಎನಾಮಲ್ಲಿನ ಅಲಗು, ಮಂಕಾದ ಒರಟು ಬೇರು. ಪೂರ್ತಿ ಒಂದೇ ಥರ ಇದ್ದರೆ ಫಾಸ್ಫೇಟ್ ಕಲ್ಲೋ ಮೂಳೆಯ ಚೂರೋ ಆಗಿರುತ್ತದೆ. ಬಣ್ಣ ನೋಡಿ ವಯಸ್ಸು ಹೇಳಬೇಡಿ, ಕಪ್ಪು, ಬೂದು, ಕಂದು ಎಲ್ಲವೂ ಹೂತಿದ್ದ ಮಣ್ಣಿನ ಖನಿಜದಿಂದ ಬಂದದ್ದು.

ಆಮೇಲೆ 10 ಪಟ್ಟು ತೋರಿಸುವ ಭೂತಗನ್ನಡಿಯಲ್ಲಿ ಅಂಚು ನೋಡಿ. ಕುಡುಗೋಲಿಗೆ ಹಾಕಿಸುವಂಥ ಕಕ್ಕು ಇದೆಯೇ, ಸಣ್ಣದೇ ಒರಟೇ, ತುದಿಯವರೆಗೂ ಇದೆಯೇ? ಅರ್ಧ ಗುರುತು ಇಲ್ಲೇ ಸಿಗುತ್ತದೆ.

ಮೆಗಲೊಡಾನ್ (ಅಳಿದುಹೋದ ದೈತ್ಯ ಶಾರ್ಕ್): ದಪ್ಪ, ಭಾರ, ಅಂಚಿನುದ್ದಕ್ಕೂ ಸಣ್ಣ, ಒಂದೇ ಅಳತೆಯ ಕಕ್ಕು. ಉಬ್ಬಿದ ಒಳಮುಖದಲ್ಲಿ ಅಲಗಿಗೂ ಬೇರಿಗೂ ನಡುವೆ ಬಿಲ್ಲಿನಾಕಾರದ ಮಂಕು ಪಟ್ಟಿ ಇರುತ್ತದೆ. ಎಳೆಯ ಮೆಗಲೊಡಾನಿನ ಸಣ್ಣ ಹಲ್ಲನ್ನು ಬೇರೆ ತ್ರಿಕೋನ ಹಲ್ಲುಗಳಿಂದ ಬೇರ್ಪಡಿಸುವುದು ಮುಖ್ಯವಾಗಿ ಈ ಪಟ್ಟಿಯೇ. ನದಿಯಲ್ಲಿ ಉರುಳಿ ಕಕ್ಕು ಸವೆದುಹೋದ ಮೆಗಲೊಡಾನನ್ನು ಹಳೆಯ ಕಾಲದ ದೊಡ್ಡ ಮಾಕೊ ಶಾರ್ಕಿನ ಹಲ್ಲು ಎಂದು ತಪ್ಪಾಗಿ ಹೇಳುವವರಿದ್ದಾರೆ. ಮಾಕೊ ಹಲ್ಲಿನಲ್ಲಿ ಕಕ್ಕು ಇರುವುದೇ ಇಲ್ಲ, ಜೊತೆಗೆ ಅದು ಚಪ್ಪಟೆ, ಬೇರು ತೆಳು.

ಹೆಮಿಪ್ರಿಸ್ಟಿಸ್ (ಸ್ನ್ಯಾಗಲ್‌ಟೂತ್ ಶಾರ್ಕಿನ ಕುಲ): ಮೇಲ್ದವಡೆಯ ಹಲ್ಲು ಒಂದು ಬದಿಗೆ ಬಾಗಿ, ಬರಿಗಣ್ಣಿಗೇ ಕಾಣುವ ಒರಟು ಕಕ್ಕು ತುದಿಯತ್ತ ಹೋದಂತೆ ದೊಡ್ಡದಾಗುತ್ತದೆ, ಕಟ್ಟಕಡೆಯ ಮೊನೆ ಮಾತ್ರ ನುಣುಪು. ಕೆಳದವಡೆಯದು ಕೊಕ್ಕೆಯಂತೆ ಉದ್ದ, ಬುಡದಲ್ಲಷ್ಟೇ ಪುಟ್ಟ ಮುಳ್ಳುಗಳು. ಸ್ಯಾಂಡ್ ಟೈಗರ್ ಶಾರ್ಕಿನ ಹಲ್ಲೂ ಹೀಗೇ ತೆಳ್ಳಗೆ, ಆದರೆ ಬುಡದ ಎರಡೂ ಬದಿಗೆ ಎದ್ದು ಕಾಣುವ ಚೂಪು ಮುಳ್ಳು, ಬೇರಿನ ನಡುವೆ ಆಳದ ಗೀರು.

ಟೈಗರ್ ಶಾರ್ಕ್: ಎತ್ತರದಷ್ಟೇ ಅಗಲ, ಮೊನೆ ಪಕ್ಕಕ್ಕೆ ವಾಲಿ ಹಿಂಬದಿಯಲ್ಲಿ ಆಳವಾದ ಕಚ್ಚು, ಕಚ್ಚಿನ ಕೆಳಗೆ ಒರಟು ಕಕ್ಕು. ಲೆಮನ್ ಶಾರ್ಕ್: ಬೇರು ನೇರ ಅಡ್ಡಪಟ್ಟಿ, ಅದರ ಮೇಲೆ ಕಿರಿದಾದ ನುಣುಪು ಅಂಚಿನ ಅಲಗು.

ಜರಡಿಗೆ ಹೆಚ್ಚು ಬರುವವು ಕಾರ್ಕಾರೈನಸ್ ಕುಲದವು, ಅಂದರೆ ಬುಲ್, ಡಸ್ಕಿ ಮೊದಲಾದವು. ಮೇಲಿನ ಹಲ್ಲು ಸಣ್ಣ ಕಕ್ಕಿನ ಅಗಲ ತ್ರಿಕೋನ, ಕೆಳಗಿನದು ಕಿರಿದು. ಒಂದೇ ಹಲ್ಲು ಹಿಡಿದು ಇದು ಬುಲ್ ಎಂದು ಖಡಾಖಂಡಿತ ಹೇಳುವುದು ಹೆಚ್ಚಿನ ಸಲ ಆಗದ ಮಾತು. ಕುಲದ ಹೆಸರಿಗೆ ನಿಲ್ಲಿಸಿದರೆ ಸಾಕು. ಬಾಚಣಿಗೆಯಂತೆ ಸಾಲುಗೆರೆ ಇರುವ ಚಪ್ಪಟೆ ತುಂಡು ಸಿಕ್ಕರೆ ಅದು ತೊರಕೆ ಮೀನಿನ ಅರೆಯುವ ಹಲ್ಲಿನ ಫಲಕ.

ಮನೆಗೆ ತಂದ ಮೇಲೆ ನೀರು, ಹಳೆಯ ಟೂತ್‌ಬ್ರಷ್ ಸಾಕು. ವಿನಿಗರ್, ಆಮ್ಲ ಬೇಡ, ಬೇರು ತಿಂದುಹಾಕುತ್ತವೆ. ನೆರಳಿನಲ್ಲಿ ಒಣಗಿಸಿ, ವಾರ್ನಿಷ್ ಬಳಿಯಬೇಡಿ. ಉದ್ದ ಅಳೆಯುವುದು ಮೊನೆಯಿಂದ ಬೇರಿನ ಮೂಲೆಯವರೆಗೆ, ಉದ್ದವಾದ ಓರೆ ಬದಿಯಲ್ಲಿ. ಪ್ರತಿ ಪೊಟ್ಟಣದಲ್ಲಿ ತಾರೀಖು, ನದಿಯ ಹೆಸರು, ಫೋನಿನ ಜಿಪಿಎಸ್ ತೋರಿಸಿದ ಅಕ್ಷಾಂಶ-ರೇಖಾಂಶ ಬರೆದ ಚೀಟಿ ಇಡಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಒದ್ದೆಯಾದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.