ಕೋಶವೊಂದು ಯೀಸ್ಟ್ ನುಂಗುವುದನ್ನು ನೋಡುವುದು ಹೇಗೆ?

ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ನುಂಗುವುದಿಲ್ಲ. ಗಟ್ಟಿ ಕೋಶಭಿತ್ತಿಯೊಳಗಿದ್ದುಕೊಂಡೇ ಕರಗಿದ ಆಹಾರವನ್ನು ಹೀರುತ್ತವೆ. ಪೊರೆ ಬಗ್ಗಿಸಿ ಇಡೀ ಕಣವನ್ನೇ ಒಳಗೆಳೆದುಕೊಳ್ಳುವುದು ಕೋಶಕೇಂದ್ರವಿರುವ ಕೋಶಗಳ ವಿದ್ಯೆ. ಇದನ್ನು ಕಣ್ಣಾರೆ ಕಾಣಲು ಶಾಲೆಯ ಸೂಕ್ಷ್ಮದರ್ಶಕ ಸಾಕು.

ಮೊದಲು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು ಬೆಳೆಸಿ. ಒಂದು ಹಿಡಿ ಒಣಹುಲ್ಲನ್ನು ಒಂದು ಲೀಟರ್ ನೀರಿನಲ್ಲಿ 10 ನಿಮಿಷ ಕುದಿಸಿ, ಸೋಸಿ, ಎರಡು ದಿನ ಬಿಡಿ. ನಲ್ಲಿ ನೀರಾದರೆ ಹಿಂದಿನ ದಿನವೇ ತೆರೆದ ಪಾತ್ರೆಯಲ್ಲಿಡಿ. ಕ್ಲೋರಿನ್ ಉಳಿದರೆ ಜೀವಿಗಳು ಸಾಯುತ್ತವೆ. ಬಳಿಕ ಕೊಳೆತ ಎಲೆಗಳಿರುವ ಕೆರೆಯ ನೀರನ್ನು ಅರ್ಧ ಲೋಟ ಸೇರಿಸಿ, ಬಟ್ಟೆ ಮುಚ್ಚಿಡಿ. ಬಿಗಿ ಮುಚ್ಚಳ ಬೇಡ, ಗಾಳಿ ಬೇಕು. ವಾರ, ಹತ್ತು ದಿನಗಳಲ್ಲಿ ಮೇಲ್ಪದರದಲ್ಲಿ ಬಿಳಿ ಚುಕ್ಕೆಗಳು ಓಡಾಡುತ್ತವೆ.

ಪ್ರನಾಳದಲ್ಲಿ 10 ಮಿ.ಲೀ. ನೀರು, 3 ಗ್ರಾಂ ಬೇಕರಿ ಯೀಸ್ಟ್, 30 ಮಿ.ಗ್ರಾಂ ಕಾಂಗೋ ರೆಡ್ ಎಂಬ ಬಣ್ಣ ಹಾಕಿ, ಕುದಿಯುವ ನೀರಿನಲ್ಲಿ 10 ನಿಮಿಷ ಇಡಿ. ಯೀಸ್ಟ್ ಸತ್ತರೆ ಮಾತ್ರ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಈ ಬಣ್ಣ ವಿಷಕಾರಿ: ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ.

ಸ್ಲೈಡ್ ಮೇಲೆ ನಾಲ್ಕೈದು ಹತ್ತಿ ಎಳೆ ಹರಡಿ, ಒಂದು ಹನಿ ಪ್ಯಾರಮೀಸಿಯಂ ನೀರು ಬಿಡಿ. ಎಳೆಗಳಿಲ್ಲದಿದ್ದರೆ ಅವು ಕಣ್ಣಿಗೆ ಸಿಗದಂತೆ ಓಡುತ್ತವೆ. ತಣಿದ ಯೀಸ್ಟನ್ನು ಸೂಜಿಮೊನೆಯಷ್ಟೇ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ. ಹೆಚ್ಚಾದರೆ ಬರೀ ಕೆಂಪೇ ಕಾಣುತ್ತದೆ. 100 ಪಟ್ಟು ಹಿಗ್ಗಿಸಿ ಒಂದನ್ನು ಹುಡುಕಿ, ಆಮೇಲೆ 400ಕ್ಕೆ ಹೋಗಿ. ಮೈಮೇಲಿನ ಕೂದಲಿನಂಥ ಲೋಮಾಂಗಗಳು ಯೀಸ್ಟನ್ನು ಬಾಯಿಯ ಕಡೆ ತಳ್ಳುತ್ತವೆ. ಅಲ್ಲಿ ಪೊರೆ ಉಬ್ಬಿ, ಕಳಚಿಕೊಂಡು, ಕೆಂಪು ಗುಂಡಾಗುತ್ತದೆ. ಇದೇ ಆಹಾರ ರಸದಾನಿ. ಕೆಲವೇ ನಿಮಿಷಗಳಲ್ಲಿ ಅದು ನೀಲಿಗೆ ತಿರುಗುತ್ತದೆ. ಜೀರ್ಣಿಸಲು ಅದರೊಳಗೆ ಆಮ್ಲ ಸೇರುತ್ತದೆ, ಕಾಂಗೋ ರೆಡ್ ಆಮ್ಲದಲ್ಲಿ ನೀಲಿ. ಹನಿ ಒಣಗುತ್ತಿದ್ದರೆ ಕವರ್‌ಸ್ಲಿಪ್ ಅಂಚಿಗೆ ನೀರು ಕೊಡಿ.

ಪೊರೆಯನ್ನು ಹೀಗೆ ಬಾಗಿಸುವುದರಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಪಾತ್ರ ದೊಡ್ಡದು. 2015ರಲ್ಲಿ ಆರ್ಕ್‌ಟಿಕ್ ಸಮುದ್ರತಳದ ಕೆಸರಿನಿಂದ ಪತ್ತೆಯಾದ ಲೋಕಿ ಆರ್ಕಿಯಾಗಳ (ಬ್ಯಾಕ್ಟೀರಿಯಾಗಳಂತೆ ಕೋಶಕೇಂದ್ರವಿಲ್ಲದ, ಆದರೆ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು) ಡಿಎನ್‌ಎಯಲ್ಲಿ ನಮ್ಮ ಆಕ್ಟಿನ್‌ನ ಹತ್ತಿರದ ನೆಂಟ ಸಿಕ್ಕಿತು. ಇದು ನಿಜಕ್ಕೂ ರೋಮಾಂಚನದ ಸಂಗತಿ: ಸಲಕರಣೆ ನುಂಗುವ ವಿದ್ಯೆಗಿಂತ ಹಳೆಯದು. ಇದೇ ಗುಂಪಿನ ಒಂದು ಜೀವಿಯನ್ನು ಜಪಾನಿನ ವಿಜ್ಞಾನಿಗಳು ಸುಮಾರು ಹನ್ನೆರಡು ವರ್ಷ ಪಟ್ಟುಹಿಡಿದು ಬೆಳೆಸಿ 2020ರಲ್ಲಿ ವರದಿ ಮಾಡಿದರು. ಅದಕ್ಕೆ ಉದ್ದನೆಯ ಕವಲು ತೋಳುಗಳಿವೆ. ಅದು ನುಂಗಿದ್ದು ಮಾತ್ರ ಕಂಡಿಲ್ಲ. ಅಂಥ ತೋಳುಗಳೇ ನೆರೆಯ ಬ್ಯಾಕ್ಟೀರಿಯಾವನ್ನು ನಿಧಾನವಾಗಿ ಸುತ್ತುವರಿದು ಒಳಗೆ ಸೇರಿಸಿಕೊಂಡವು, ಅದೇ ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಆಯಿತು ಎಂಬುದು ಅವರ ಊಹೆ. ಮೈಟೊಕಾಂಡ್ರಿಯಾಗಿಂತ ನುಂಗುವ ವಿದ್ಯೆಯೇ ಮೊದಲು ಬಂತು ಎನ್ನುವವರೂ ಇದ್ದಾರೆ. ಅವರು ಉತ್ತರಿಸಬೇಕಾದ ಪ್ರಶ್ನೆ ನಿಮ್ಮ ಸ್ಲೈಡಿನಲ್ಲೇ ಇದೆ: ಯೀಸ್ಟ್ ಜೀರ್ಣವಾಗುವ ಕಡೆ ಆ ಬ್ಯಾಕ್ಟೀರಿಯಾ ಉಳಿದದ್ದು ಹೇಗೆ?