ಕಚೇರಿಗೆ ಹೋಗುವ ಕಾರಿನಲ್ಲೇ ರ‍್ಯಾಲಿಕ್ರಾಸ್: ನನ್ನ ಎರಡು ಋತುಗಳ ಲೆಕ್ಕ

ಕಳೆದ ತಿಂಗಳ ರ‍್ಯಾಲಿಕ್ರಾಸ್ ಸುತ್ತಿನಲ್ಲಿ, ಅಂದರೆ ಮಣ್ಣಿನ ಮೈದಾನದ ಒಂದು ದಿನದ ಸ್ಪರ್ಧೆಯಲ್ಲಿ, ನನ್ನ ಕಾರು ತನ್ನ ವರ್ಗದಲ್ಲಿ ಎರಡನೆಯದಾಗಿ ಬಂತು. ವರ್ಗವನ್ನು ಬದಿಗಿಟ್ಟು ಬರೀ ಸಮಯ ನೋಡಿದರೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಮೂರು ಟರ್ಬೊ ಕಾರುಗಳು ನನ್ನ ಹಿಂದಿದ್ದವು. ಅವುಗಳಲ್ಲಿ ಒಂದರ ಒಡೆಯರು ಎರಡು ವರ್ಷಗಳ ಹಿಂದೆ ನನ್ನ ಕಾರನ್ನು ಒಂದು ಸುತ್ತು ನೋಡಿ, "ಇದು ತರಕಾರಿ ತರುವ ಗಾಡಿ. ಮಾರಿಬಿಟ್ಟು ಬೇರೆ ಏನಾದರೂ ತೆಗೆದುಕೊಂಡು ಬನ್ನಿ" ಎಂದಿದ್ದರು. ಬಹುಮಾನ ಕೊಡುವ ಹೊತ್ತಿಗೆ ಅವರೇ ಹತ್ತಿರ ಬಂದು, ಹಿಂದಿನ ಟಯರ್‌ಗಳಲ್ಲಿ ಎಷ್ಟು ಗಾಳಿ ಇಟ್ಟಿದ್ದೀರಿ ಎಂದು ಮೆಲ್ಲಗೆ ಕೇಳಿದರು. ನಾನು ನಕ್ಕು ಮಾತು ತಿರುಗಿಸಿದೆ. ಆ ಸಂಖ್ಯೆಯನ್ನು ಇಲ್ಲಿಯೂ ಹೇಳುವುದಿಲ್ಲ. ಉಳಿದದ್ದನ್ನು ಹೇಳುತ್ತೇನೆ.

ಕಾರಿಗೆ ಹನ್ನೊಂದು ವರ್ಷ. 1.2 ಲೀಟರ್ ಎಂಜಿನ್, ಹೊಸದಾಗಿದ್ದಾಗ ಎಂಬತ್ತರ ಆಸುಪಾಸಿನ ಅಶ್ವಶಕ್ತಿ, ಎಳೆಯುವುದು ಮುಂದಿನ ಚಕ್ರ. ಭಾನುವಾರ ಮಣ್ಣು ತಿಂದು ಸೋಮವಾರ ಕಚೇರಿಗೆ ಹೋಗಬೇಕು. ಈ ಒಂದು ಷರತ್ತನ್ನು ನಾನು ಮೊದಲ ದಿನವೇ ಹಾಕಿಕೊಂಡಿದ್ದೆ. ಅಪಹಾಸ್ಯಕ್ಕೆ ಕಾರಣವಾದದ್ದೂ ಅದೇ, ಕೊನೆಗೆ ಗೆಲ್ಲಿಸಿದ್ದೂ ಅದೇ.

ಟಿವಿಯಲ್ಲಿ ಬರುವ ರ‍್ಯಾಲಿಕ್ರಾಸ್ ನೋಡಿ ಬಂದವರು 600 ಅಶ್ವಶಕ್ತಿಯ ಕಾರುಗಳು ಪರಸ್ಪರ ತಳ್ಳಾಡುವುದನ್ನು ನಿರೀಕ್ಷಿಸುತ್ತಾರೆ. ನಾವು ಆಡುವುದು ಅದರ ಬಡ ತಮ್ಮನನ್ನು: ಮಣ್ಣಿನ ಮೈದಾನ, ಕೋನ್‌ಗಳ ನಡುವೆ ದಾರಿ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ರಸ್ತೆಯ ಕಾರಿಗೆ ಇಲ್ಲೇನು ಕೆಲಸ ಎಂದು ಸಂದೇಹ ಪಡುವವರಿಗೆ ನಾನು ಒಂದು ಕಥೆ ಹೇಳುತ್ತಿದ್ದೆ. 1967ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿಡನ್‌ನಲ್ಲಿ ಟಿವಿ ಪ್ರೇಕ್ಷಕರಿಗೆಂದು ಮೊಟ್ಟಮೊದಲ ರ‍್ಯಾಲಿಕ್ರಾಸ್ ನಡೆದಾಗ ವಿಕ್ ಎಲ್ಫರ್ಡ್ ಎಂಬ ಚಾಲಕ ಗೆದ್ದದ್ದು ಪೋರ್ಷೆ 911ರಲ್ಲಿ, ಅಂದರೆ ರಸ್ತೆಯಲ್ಲಿ ಓಡುವ ಜಾತಿಯ ಕಾರಿನಲ್ಲಿ. "ನಿಮ್ಮದು ಪೋರ್ಷೆ ಅಲ್ಲವಲ್ಲ" ಎಂಬ ಉತ್ತರ ತಪ್ಪದೆ ಬರುತ್ತಿತ್ತು. ಅದೂ ನಿಜವೇ.

ಮುಂದೆ ಹಣದ ಮಾತು ಪದೇ ಪದೇ ಬರುತ್ತದೆ. ನನ್ನ ನಾಣ್ಯ ಒಂದೇ: ಒಂದು ದಿನದ ಪ್ರವೇಶ ಶುಲ್ಕ. ಯಾವ ವಸ್ತು ಕೊಳ್ಳುವಾಗಲೂ "ಇದಕ್ಕೆ ಎಷ್ಟು ಭಾನುವಾರ?" ಎಂದು ಲೆಕ್ಕ ಹಾಕುವ ಅಭ್ಯಾಸ ಬಂದುಬಿಟ್ಟಿದೆ. ಆ ಅಭ್ಯಾಸ ಮೊದಲೇ ಇದ್ದಿದ್ದರೆ ಸ್ಪ್ರಿಂಗ್‌ಗಳನ್ನು ಕೊಳ್ಳುತ್ತಿರಲಿಲ್ಲ.

ಸ್ಪ್ರಿಂಗ್‌ಗಳ ಕಥೆ ಹೀಗೆ. ಇದೇ ಬಗೆಯ ಕೋನ್ ಓಟವಾದ ಟಾರು ನೆಲದ ಆಟೋಕ್ರಾಸ್‌ನಲ್ಲಿ ಒಂದು ವರ್ಷ ಕಳೆದಿದ್ದೆನಾದ್ದರಿಂದ ಕಾರು ತಗ್ಗಿದಷ್ಟೂ ಗಟ್ಟಿಯಾದಷ್ಟೂ ಒಳ್ಳೆಯದು ಎಂದು ತಲೆಯಲ್ಲಿ ಕೂತಿತ್ತು. ಮೂರು ಸೆಂಟಿಮೀಟರ್ ತಗ್ಗಿಸುವ ಸ್ಪ್ರಿಂಗ್, ಅದಕ್ಕೆ ಒಪ್ಪುವ ಬಿರುಸಾದ ಶಾಕ್ ಅಬ್ಸಾರ್ಬರ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ ಹದಿನಾಲ್ಕು ಪ್ರವೇಶ ಶುಲ್ಕ. ಕಾರಿನ ಆಗಿನ ಮಾರುಕಟ್ಟೆ ಬೆಲೆಯ ಮುಂದೆ ಅದು ಮೂಗಿಗಿಂತ ಮೂಗುತಿ ಭಾರ ಎನ್ನುವಂತಿತ್ತು. ಮೊದಲ ಸುತ್ತಿನಲ್ಲಿ ಕಾರು ಗುಂಡಿಯಿಂದ ಗುಂಡಿಗೆ ಕುಪ್ಪಳಿಸಿತು. ಚಕ್ರ ನೆಲ ಬಿಟ್ಟು ಗಾಳಿಯಲ್ಲಿದ್ದಾಗ ಸ್ಟಿಯರಿಂಗ್ ಎಷ್ಟು ತಿರುಗಿಸಿದರೆ ತಾನೆ ಏನು? ಮುಂದಿನ ಬಂಪರಿನ ಕೆಳತುಟಿ ಎರಡನೇ ಓಟದಲ್ಲಿ ಕಿತ್ತು ಬಂತು, ನಾಲ್ಕನೆಯದರಲ್ಲಿ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ, ಅಂದರೆ ಸಂಪ್, ನೆಲಕ್ಕೆ ಬಡಿಯಿತು. ಆ ದಿನ ಕೊನೆಯ ಸ್ಥಾನ, ಮುಂದಿನ ಸುತ್ತಿನಲ್ಲಿ ಕೊನೆಯಿಂದ ಎರಡನೆಯದು, ಅದೂ ಒಬ್ಬರ ಕಾರು ಕೆಟ್ಟು ನಿಂತಿದ್ದರಿಂದ. ಎರಡು ತಿಂಗಳಲ್ಲಿ ಎಲ್ಲವನ್ನೂ ಬಿಚ್ಚಿಸಿ ಹಳೆಯ ಮೆತ್ತನೆಯ ಸಸ್ಪೆನ್ಷನ್ನೇ ಹಾಕಿಸಿದೆ. ಮಾರಿದಾಗ ಕೈಗೆ ಬಂದದ್ದು ನಾಲ್ಕು ಶುಲ್ಕದಷ್ಟು. ಉಳಿದ ಹತ್ತು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಹಳೆಯ ಸ್ಪ್ರಿಂಗ್ ಮರಳಿದ ದಿನವೇ ಓಟಕ್ಕೆ ಮೂರು ಸೆಕೆಂಡಿನಷ್ಟು ಸಮಯ ಇಳಿಯಿತು. ಕಾರ್ಖಾನೆಯವರು ಕೆಟ್ಟ ರಸ್ತೆಗೆಂದು ಕೊಟ್ಟ ಮೆತ್ತನೆಯ, ಉದ್ದ ಚಲನೆಯ ಸಸ್ಪೆನ್ಷನ್ ಮಣ್ಣಿಗೆ ಹೇಳಿ ಮಾಡಿಸಿದಂತಿದೆ. ಕಾರು ದೋಣಿಯಂತೆ ವಾಲುತ್ತದೆ, ನೋಡುವವರು ನಗುತ್ತಾರೆ, ಆದರೆ ನಾಲ್ಕೂ ಚಕ್ರ ನೆಲದಲ್ಲಿರುತ್ತವೆ. ವಾಲಿದಾಗ ಭಾರ ಎತ್ತ ಹೋಗುತ್ತಿದೆ ಎಂಬುದು ಬೆನ್ನಿಗೇ ತಿಳಿಯುತ್ತದೆ.

ಎರಡನೇ ಪೆಟ್ಟು ಟಯರಿನದು. ಮಣ್ಣಿಗೆ ಗಾಳಿ ಇಳಿಸಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಮಾಮೂಲಿ ರಸ್ತೆ ಟಯರಿನ ಗಾಳಿಯ ಒತ್ತಡವನ್ನು 22 ಪಿಎಸ್‌ಐಗೆ ಇಳಿಸಿದ್ದೆ. ಮರಳಿನಲ್ಲಿ ಮೆಲ್ಲಗೆ ಹೋಗುವವರಿಗೆ ಅದು ಸರಿ. ಅಡ್ಡಡ್ಡ ಜಾರುವವರಿಗೆ ಅಲ್ಲ. ಮೂರನೇ ಓಟದ ಬಲ ತಿರುವಿನಲ್ಲಿ ಮುಂದಿನ ಎಡ ಟಯರ್ ರಿಮ್ ಬಿಟ್ಟು ಹೊರಬಂತು. ರಿಮ್ಮಿನ ಅಂಚು ನೆಲ ಉಳುತ್ತ ನಿಂತಿತು. ಸ್ಟೆಪ್ನಿ ಹಾಕಿಕೊಂಡು ಮನೆಗೆ ಹೋದೆ. ಕಾರು ಪಲ್ಟಿ ಹೊಡೆಯಲಿಲ್ಲ ಎಂಬುದಷ್ಟೇ ಸಮಾಧಾನ. ಅಲ್ಲಿಂದೀಚೆಗೆ ರಸ್ತೆಯಲ್ಲಿಡುವುದಕ್ಕಿಂತ ಐದಾರು ಪಿಎಸ್‌ಐ ಹೆಚ್ಚೇ ಇಡುತ್ತೇನೆ, ಮುಂದಕ್ಕೆ 38ರ ಸುತ್ತಮುತ್ತ. ಹಿಂದಿನದು ಬೇರೆ. ಎಷ್ಟು ಬೇರೆ ಎನ್ನುವುದೇ ಆ ಮಹಾಶಯರು ಕೇಳಿದ ಪ್ರಶ್ನೆ.

ಈಗ ಹಾಕುವುದು ಹಿಮದ ರಸ್ತೆಗೆಂದು ಮಾಡಿದ, ಅರ್ಧ ಸವೆದ ಟಯರ್. ಹೊರಗಿನ ವ್ಯಾಸ ಮೂಲದಷ್ಟೇ, ಅಗಲ ಹತ್ತು ಮಿಲಿಮೀಟರ್ ಕಡಿಮೆ. ಅಗಲ ಕಡಿಮೆ ಎಂದಾಗಲೂ ನಕ್ಕವರಿದ್ದಾರೆ. ಸಡಿಲ ಮಣ್ಣಿನ ಮೇಲೆ ಅಗಲ ಟಯರ್ ತೇಲುತ್ತದೆ, ಕಿರಿದು ಕೆಳಗಿನ ಗಟ್ಟಿ ನೆಲದವರೆಗೆ ಕೊರೆದುಕೊಂಡು ಹೋಗುತ್ತದೆ. ಹಳೆಯ ಕಬ್ಬಿಣದ ರಿಮ್ ಸಮೇತ ಐದು ಶುಲ್ಕ. ನಾನು ಈ ಆಟಕ್ಕೆ ಹಾಕಿದ ಹಣದಲ್ಲಿ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ದೋಷ ಒಂದಿದೆ: ಬಿಸಿಲಿಗೆ ಒಣಗಿ ಸಿಮೆಂಟಿನಂತಾದ ನೆಲದಲ್ಲಿ ಆ ಮೆತ್ತನೆಯ ರಬ್ಬರಿನ ತುಂಡುಗಳು ಕಿತ್ತು ಹಾರುತ್ತವೆ. ಅಂಥ ದಿನ ಸಿಟ್ಟು ಬಂದರೂ ರಸ್ತೆ ಟಯರನ್ನೇ ಹಾಕುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗ. ಸವೆದ ಹಳೆಯ ಟಯರಿಗೆ ಬಿಸಿ ಬ್ಲೇಡಿನಲ್ಲಿ ನಾನೇ ತೋಡು ಕೊರೆದೆ. ಎರಡು ರಾತ್ರಿ ಕೆಲಸ, ಮನೆ ತುಂಬ ಸುಟ್ಟ ರಬ್ಬರಿನ ವಾಸನೆ. ಒಂದು ಟಯರಿನಲ್ಲಿ ಬ್ಲೇಡ್ ಆಳಕ್ಕಿಳಿದು ತಂತಿ ಕಂಡಿತು. ಉಳಿದ ಮೂರು ಒಂದು ಸುತ್ತು ಚೆನ್ನಾಗಿಯೇ ಓಡಿದವು, ಆಮೇಲೆ ತೋಡಿನ ಅಂಚುಗಳು ಹರಿದವು. ಇದನ್ನು ಯಾರೂ ಮಾಡಬೇಡಿ. ಮಾಡಿಯೇ ತೀರುತ್ತೇನೆ ಎನ್ನುವವರು ಆ ಟಯರಿನಲ್ಲಿ ರಸ್ತೆಗಂತೂ ಇಳಿಯಬೇಡಿ.

ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಮೂರು ಸಲ ಬದಲಾಗಿದೆ. ಸಡಿಲ ಜಲ್ಲಿಯಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣಿನ ದಿಬ್ಬ ಗುಡ್ಡೆಮಾಡಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಅವಕಾಶ ಕೊಡದೆ ಕಾರನ್ನು ಮುಂದಕ್ಕೆ ಸಾಗಲು ಬಿಡುತ್ತದೆ. ಮೊದಲ ದಿನ ನಾನು ಹೊಡೆದ ಏಳು ಕೋನ್‌ಗಳಲ್ಲಿ ನಾಲ್ಕು ಇದರ ಪಾಲು. ಎಬಿಎಸ್ ಫ್ಯೂಸ್ ಕಿತ್ತೆ. ಸ್ಪೀಡೋಮೀಟರ್ ಸತ್ತಿತು, ಅದೇನೂ ದೊಡ್ಡದಲ್ಲ. ಆದರೆ ಮುಂದೆ ಹಿಂದೆ ಬ್ರೇಕ್ ಹಂಚುವ ವ್ಯವಸ್ಥೆಯೂ ಅದರೊಂದಿಗೇ ಹೋಗಿ ಹಿಂದಿನ ಚಕ್ರ ಮೊದಲು ಲಾಕ್ ಆಗತೊಡಗಿತು. ಆಮೇಲೆ ಫ್ಯೂಸ್ ಹಾಕಿಕೊಂಡೇ ಬ್ರೇಕ್ ಸ್ವಲ್ಪ ಮುಂಚೆ, ನೇರ ದಾರಿಯಲ್ಲಿ ಮುಗಿಸುವುದನ್ನು ಕಲಿತೆ. ಈಗ ನೆಲ ನೋಡಿ ನಿರ್ಧರಿಸುತ್ತೇನೆ. ಕಿತ್ತ ದಿನ ಮನೆಗೆ ಹೊರಡುವ ಮೊದಲು ಮರಳಿ ಹಾಕಲು ಮರೆಯದಿರಲೆಂದು ಫ್ಯೂಸನ್ನು ಕೀಚೈನಿಗೆ ಅಂಟಿಸಿಕೊಳ್ಳುತ್ತೇನೆ.

ಇನ್ನು ಓಡಿಸುವ ಬಗೆ. ನಮ್ಮ ನಿಯಮದಲ್ಲಿ ಅತಿ ಉತ್ತಮ ಓಟವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲ ಓಟಗಳ ಸಮಯವನ್ನೂ ಕೂಡುತ್ತಾರೆ. ಕೋನ್ ಬಿದ್ದರೆ ಎರಡು ಸೆಕೆಂಡ್, ಗೇಟ್, ಅಂದರೆ ನಡುವೆ ಹಾದುಹೋಗಬೇಕಾದ ಕೋನ್ ಜೋಡಿ, ತಪ್ಪಿದರೆ ಹತ್ತು. ಈ ಕೂಡಿಸುವ ಲೆಕ್ಕ ನನ್ನ ತಲೆಗೆ ಇಳಿಯಲು ಒಂದು ಋತು ಬೇಕಾಯಿತು. ಟರ್ಬೊ ಕಾರಿನವರು ಓಟಕ್ಕೆ ಒಂದೂವರೆ ಸೆಕೆಂಡ್ ನನಗಿಂತ ಬೇಗ. ಎಂಟು ಓಟಕ್ಕೆ ಹನ್ನೆರಡು. ಅವರು ದಿನಕ್ಕೆ ನಾಲ್ಕು ಕೋನ್ ಬೀಳಿಸಿ ಒಂದು ಗೇಟ್ ತಪ್ಪಿಸಿದರೆ ಹದಿನೆಂಟು ಕಳೆದುಕೊಂಡರು. ಅಲ್ಲಿಗೆ ನಾನು ಆರು ಸೆಕೆಂಡ್ ಮುಂದೆ. ಕಳೆದ ತಿಂಗಳು ಆದದ್ದು ಹೆಚ್ಚುಕಡಿಮೆ ಇಷ್ಟೇ. ಇಡೀ ದಿನದಲ್ಲಿ ನಾನು ಬೀಳಿಸಿದ್ದು ಒಂದು ಕೋನ್, ಅದೂ ಕೊನೆಯ ಓಟದಲ್ಲಿ ಗೆಲುವಿನ ವಾಸನೆ ಮೂಗಿಗೆ ಬಡಿದಾಗ.

ಗೇರ್ ಎರಡೇ. ಹೊರಡಲು ಮೊದಲನೆಯದು, ಮುಗಿಯುವವರೆಗೆ ಎರಡನೆಯದು. ಉದ್ದ ನೇರದಲ್ಲಿ ಎಂಜಿನ್ ಅರಚಿ ಮಿತಿಗೆ ಬಡಿದರೂ ಮೂರಕ್ಕೆ ಹೋಗುವುದಿಲ್ಲ. ಹೋಗಿ ಬರುವುದರಲ್ಲಿ ಅರ್ಧ ಸೆಕೆಂಡ್ ನಷ್ಟ, ಜತೆಗೆ ಕೈಯೊಂದು ಸ್ಟಿಯರಿಂಗ್ ಬಿಟ್ಟಿರುತ್ತದೆ. ನಾಲ್ಕು ಕಿವಿಮಾತುಗಳಲ್ಲಿ ಮೂರನ್ನು ಮರೆಯುವವರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಹ್ಯಾಂಡ್‌ಬ್ರೇಕ್ ಎಳೆದು ಕಾರು ತಿರುಗಿಸುವುದು ನೋಡಲು ಚೆಂದ. ಮೊದಲ ಋತುವಿನಲ್ಲಿ ಪ್ರತಿ ತಿರುವಿಗೂ ಎಳೆದೆ, ಕೇಬಲ್ ಹಿಗ್ಗಿತು, ಹಿಂದಿನ ಬ್ರೇಕ್ ಶೂ ಸವೆಯಿತು. ಅನುಮಾನ ಬಂದು ಒಂದು ದಿನ ಖಾಲಿ ಮೈದಾನದಲ್ಲಿ, ಒಡೆಯರ ಒಪ್ಪಿಗೆ ಪಡೆದು, ಒಂದೇ ತಿರುವನ್ನು ಎರಡು ಬಗೆಯಲ್ಲಿ ಇಪ್ಪತ್ತು ಇಪ್ಪತ್ತು ಸಲ ಓಡಿಸಿ ಮೊಬೈಲಿನಲ್ಲಿ ಸಮಯ ಹಿಡಿದೆ. ಆಕ್ಸಲರೇಟರ್‌ನಿಂದ ಥಟ್ಟನೆ ಕಾಲೆತ್ತಿ ಬಾಲ ತಿರುಗಿಸಿದ ಓಟಗಳೇ ನೆನಪಿರುವ ಮಟ್ಟಿಗೆ 0.7 ಸೆಕೆಂಡ್ ಬೇಗ. ಪೂರ್ತಿ ಹಿಂದಕ್ಕೆ ತಿರುಗುವ ಕಡಿದಾದ ತಿರುವಿನಲ್ಲಿ ಮಾತ್ರ ಹ್ಯಾಂಡ್‌ಬ್ರೇಕ್ ಗೆದ್ದಿತು. ಎಡಗಾಲಿನಲ್ಲಿ ಬ್ರೇಕ್ ಒತ್ತುವುದನ್ನು ಕಲಿಯಲು ಮೂರು ವಾರ ಹಿಡಿಯಿತು. ಕ್ಲಚ್ ತುಳಿದು ಅಭ್ಯಾಸವಾದ ಕಾಲಿಗೆ ಮೃದುತ್ವ ಎಂದರೆ ಗೊತ್ತೇ ಇಲ್ಲ. ಪಕ್ಕದಲ್ಲಿ ಕುಳಿತ ಗೆಳೆಯನ ಕನ್ನಡಕ ಎರಡು ಸಲ ಡ್ಯಾಶ್‌ಬೋರ್ಡ್ ಸೇರಿತು.

ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ, ಅಂದರೆ ಮುಂದಿನ ಆ್ಯಂಟಿ ರೋಲ್ ಬಾರಿನ ಕೊಂಡಿ ಬಿಚ್ಚಿಯೂ ನೋಡಿದ್ದೇನೆ. ಕಾರು ತಿರುವಿಗೆ ಬಾ ಎಂದರೆ ಬರುವಂತಾಯಿತು. ಆದರೆ ಅಷ್ಟಕ್ಕೇ ವರ್ಗ ಬದಲಾಗಿ, ಮಗುಚಿದರೆ ಕಾಯಲೆಂದು ಒಳಗೆ ಪಂಜರ ವೆಲ್ಡ್ ಮಾಡಿದ ಕಾರುಗಳ ಜತೆ ಸೆಣಸಬೇಕಾಯಿತು. ಮರುವಾರವೇ ಸಿಕ್ಕಿಸಿದೆ. ಏನನ್ನಾದರೂ ಬಿಚ್ಚುವ ಮುನ್ನ ನಿಮ್ಮ ಸಂಘಟಕರ ನಿಯಮ ಪುಸ್ತಕವನ್ನೂ, ವಿಮೆಯ ಕಾಗದವನ್ನೂ ಓದಿ. ಗಡಿಯಾರ ಹಿಡಿದು ನಡೆಸುವ ಸ್ಪರ್ಧೆ ಎಂದರೆ ಸಾಮಾನ್ಯ ವಿಮೆ ಕೈ ತೊಳೆದುಕೊಳ್ಳುವುದೇ ಹೆಚ್ಚು.

ದಾರಿಯನ್ನು ಮೂರು ಸಲ ನಡೆದು ನೋಡುತ್ತೇನೆ, ಮಧ್ಯಾಹ್ನ ಅವಕಾಶ ಕೊಟ್ಟರೆ ಇನ್ನೊಮ್ಮೆ. ಬೆಳಗಿನ ದಾರಿ ಮಧ್ಯಾಹ್ನ ಇರುವುದಿಲ್ಲ. ಮೊದಲ ಕಾರುಗಳು ಮೇಲಿನ ಪುಡಿಮಣ್ಣು ಗುಡಿಸಿಹಾಕಿ ಹಿಡಿತ ಹೆಚ್ಚುತ್ತದೆ, ಆಮೇಲೆ ಅದೇ ಗೆರೆ ಕಾಲುವೆಯಾಗುತ್ತದೆ. ಕಾಲುವೆಯ ಅಂಚಿಗೆ ಚಕ್ರ ಒರಗಿಸಿಕೊಂಡು ತಿರುಗಿದರೆ ಲಾಭ. ಅಡ್ಡಲಾಗಿ ಜಾರುತ್ತ ಅದಕ್ಕೆ ಬಿದ್ದರೆ ಕಾರು ಮಗುಚುತ್ತದೆ. ಮಗುಚಿದ ಒಂದನ್ನು ಕಣ್ಣಾರೆ ಕಂಡಿದ್ದೇನೆ. ಕಾಲುವೆ ಮೊಣಕಾಲ ಕೆಳಗಿನ ಅರ್ಧಕ್ಕೆ ಬಂತೆಂದರೆ ನನ್ನ ಗೆರೆ ಒಂದು ಕಾರಿನಷ್ಟು ಆಚೆಗೆ ಹೋಗುತ್ತದೆ, ಸಮಯ ಹೋದರೆ ಹೋಗಲಿ. ಊಟದ ವಿರಾಮದಲ್ಲಿ ನಾನು ಕಾರಿಗೆ ಮಾಡುವ ಒಂದು ಐದು ನಿಮಿಷದ ಕೆಲಸವಿದೆ. ನಿಯಮದೊಳಗಿನದೇ. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಮನೆಗೆ ಹೋಗುವ ದಾರಿಯ ಬಗ್ಗೆ ಯಾರೂ ಹೇಳುವುದಿಲ್ಲ. ಮೊದಲ ಸಂಜೆ ಅರವತ್ತರ ವೇಗ ದಾಟುತ್ತಲೇ ಸ್ಟಿಯರಿಂಗ್ ಥರಥರ ನಡುಗಿತು. ಆಕ್ಸಲ್ ಮುರಿಯಿತು ಎಂದುಕೊಂಡು ರಸ್ತೆ ಬದಿಯಲ್ಲಿ ಎದೆ ಹಿಡಿದು ಕುಳಿತೆ. ರಿಮ್ಮಿನ ಒಳಗಡೆ ಅಂಗೈ ದಪ್ಪದ ಮಣ್ಣು ಒಂದೇ ಕಡೆ ಮೆತ್ತಿಕೊಂಡು ಚಕ್ರದ ತೂಕ ತಪ್ಪಿಸಿತ್ತು, ಅಷ್ಟೇ. ಈಗ ಒಂದು ಹಳೆಯ ಚಮಚ ಕಾರಿನಲ್ಲೇ ಇರುತ್ತದೆ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿ ಕಿರ್ರೆನ್ನುವುದೂ ಇಂಥದ್ದೇ. ಸ್ವಲ್ಪ ಹಿಂದೆ ಮುಂದೆ ಓಡಿಸಿದರೆ ಹೆಚ್ಚಾಗಿ ತಾನೇ ಉದುರುತ್ತದೆ. ಏರ್ ಫಿಲ್ಟರ್ ಪ್ರತಿ ಸುತ್ತಿಗೂ ಬಿಚ್ಚಿ ನೋಡುವುದು ಕಡ್ಡಾಯ.

ನಿಜವಾಗಿ ಮುರಿದದ್ದು ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟ್, ಎರಡನೇ ಋತುವಿನ ನಡುವೆ. ಒಂದು ವಾರ ಗೇರ್ ಬೀಳುವಾಗ ಟಕ್ಕೆಂದು ಸದ್ದು ಬರುತ್ತಿದ್ದರೂ ಕಿವುಡನಂತಿದ್ದೆ. ಮೂರು ಶುಲ್ಕ. ಲೆಕ್ಕ ಒಪ್ಪಿಸುವುದಾದರೆ: ಹದಿನಾಲ್ಕು ಸುತ್ತುಗಳ ಪ್ರವೇಶ ಹದಿನಾಲ್ಕು, ನೀರಿಗೆ ಹಾಕಿದ ಸ್ಪ್ರಿಂಗ್ ಹತ್ತು, ಟಯರ್ ಐದು, ಹೆಲ್ಮೆಟ್ ಮೂರು, ಮೌಂಟ್ ಮೂರು, ಸಂಪ್ ಕೆಳಗಿನ ಗಾರ್ಡ್ ಎರಡು, ಬ್ರೇಕ್, ಫಿಲ್ಟರ್, ಅಲೈನ್‌ಮೆಂಟ್ ಕೂಡಿ ಐದು, ಪೆಟ್ರೋಲ್ ಆರು. ಎಲ್ಲ ಸೇರಿ ಐವತ್ತರ ಒಳಗೆ. ನನ್ನ ಕಾರನ್ನು ತರಕಾರಿ ಗಾಡಿ ಎಂದವರು ಒಂದು ಗೇರ್‌ಬಾಕ್ಸ್ ದುರಸ್ತಿಗೇ ಇದಕ್ಕಿಂತ ಹೆಚ್ಚು ಕೊಟ್ಟಿದ್ದಾರೆಂದು ಅವರ ಬಾಯಿಂದಲೇ ಕೇಳಿದೆ. ನಾನೇನೂ ಕೆದಕಿ ಕೇಳಿರಲಿಲ್ಲ.

ಮುಂದಿನ ಸುತ್ತಿಗೆ ಮೂರು ವಾರವಿದೆ. ನಿನ್ನೆ ಕಾರಿನ ಕೆಳಗೆ ಮಲಗಿ ನೋಡಿದಾಗ ಚಾಲಕನ ಬದಿಯ ಆಕ್ಸಲ್ ಬೂಟಿನಲ್ಲಿ, ಅಂದರೆ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆಯಲ್ಲಿ, ಉಗುರಿನಷ್ಟು ಸೀಳು ಕಂಡಿತು, ಗ್ರೀಸ್ ರಿಮ್ಮಿಗೆ ಸಿಡಿದಿದೆ. ಅರ್ಧ ಶುಲ್ಕದ ಕೆಲಸ. ಶನಿವಾರ ಬಿಚ್ಚಬೇಕು, ಸೋಮವಾರ ಬೆಳಿಗ್ಗೆ ಕಚೇರಿ ಇದೆ.